ಹ್ಯಾಂಕಾಕ್‌ನ ದುಂಡು ಕೊಟ್ಟಿಗೆಯ ಜಾಣತನ ಇರುವುದು ಇಳಿಜಾರಿನಲ್ಲಿ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮ ತುದಿಯಲ್ಲಿ, ಪಿಟ್ಸ್‌ಫೀಲ್ಡ್ ಊರು ದಾಟಿ 20ನೇ ಹೆದ್ದಾರಿಯಲ್ಲಿ ನ್ಯೂಯಾರ್ಕ್ ಗಡಿಯ ಕಡೆ ಹೋದರೆ ಹ್ಯಾಂಕಾಕ್ ಎಂಬಲ್ಲಿ ಒಂದು ದುಂಡನೆಯ ಕಲ್ಲಿನ ಕಟ್ಟಡ ಸಿಗುತ್ತದೆ. 1826ರಲ್ಲಿ ಕಟ್ಟಿದ್ದು. ಸುತ್ತಳತೆ ಸುಮಾರು 270 ಅಡಿ. ಗೋಡೆಯ ಎತ್ತರ 21 ಅಡಿ. ಗೋಡೆಯ ಮೇಲೆ 12 ಮುಖದ ಮರದ ಅಂತಸ್ತು, ಅದರ ನೆತ್ತಿಯ ಮೇಲೆ 8 ಮುಖದ ಪುಟ್ಟ ಗೋಪುರ. ಫೋಟೋ ಮಾತ್ರ ನೋಡಿದವರಿಗೆ ಚರ್ಚ್ ಇರಬಹುದು ಅನ್ನಿಸಿದರೂ ಅನ್ನಿಸಬಹುದು. ಇದು ದನದ ಕೊಟ್ಟಿಗೆ. 50ಕ್ಕೂ ಹೆಚ್ಚು ಹಸುಗಳನ್ನು ಚಳಿಗಾಲ ಪೂರ್ತಿ ಕಾಪಾಡಲು ಶೇಕರ್ ಪಂಥದವರು ಕಟ್ಟಿಕೊಂಡ ಕೊಟ್ಟಿಗೆ.

ಹಳೆಯ ಕೃಷಿ ಕಟ್ಟಡಗಳ ಬಗ್ಗೆ ಬರೆಯುವವರೆಲ್ಲ ಈ ಕೊಟ್ಟಿಗೆಯ ವೃತ್ತಾಕಾರವನ್ನು ಹೊಗಳುತ್ತಾರೆ. ಹೊಗಳಲಿ, ಚೆನ್ನಾಗಿಯೇ ಇದೆ. ಆದರೆ ಕಟ್ಟಡವನ್ನು ಬರೀ ಮೇಲಿನಿಂದ ನೋಡಿದ ನಕ್ಷೆಯಾಗಿ ನೋಡಿದರೆ ಅರ್ಧ ವಿಷಯ ತಪ್ಪಿಹೋಗುತ್ತದೆ. ಇದನ್ನು ನಡುವೆ ಸೀಳಿ ಪಕ್ಕದಿಂದ ನೋಡಬೇಕು. ಆಗ ಕಾಣುವುದು ಒಂದರ ಕೆಳಗೆ ಒಂದು ಹಂತ, ಮೇಲೆ ಹುಲ್ಲು, ಮಧ್ಯೆ ದನ, ಕೆಳಗೆ ಗೊಬ್ಬರ. ಭಾರವಾದದ್ದನ್ನು ಒಂದು ಸಲ ಮೇಲಕ್ಕೆ ತಂದು, ಆಮೇಲೆ ಎಲ್ಲವೂ ತಾನಾಗಿಯೇ ಕೆಳಗಿಳಿಯುವ ಹಾಗೆ ಮಾಡಿದ್ದೇ ಇಲ್ಲಿನ ನಿಜವಾದ ಯೋಚನೆ ಅಂತ ನನಗೆ ಅನ್ನಿಸುತ್ತದೆ. ದುಂಡು ಆಮೇಲಿನದು. ಯಾಕೆ ಹಾಗೆ ಹೇಳುತ್ತೇನೆ ಅನ್ನುವುದನ್ನು ಈ ಒಂದೇ ಕಟ್ಟಡ ಇಟ್ಟುಕೊಂಡು ಪೂರ್ತಿ ನೋಡೋಣ.

ಕಟ್ಟಿದವರು ಯಾರು

ಶೇಕರ್‌ಗಳು ಕ್ರೈಸ್ತರಲ್ಲೇ ಒಂದು ಸಣ್ಣ ಪಂಥ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಆನ್ ಲೀ ಎಂಬ ಹೆಂಗಸು 1774ರಲ್ಲಿ ಎಂಟು ಜನ ಅನುಯಾಯಿಗಳ ಜೊತೆ ನ್ಯೂಯಾರ್ಕ್‌ಗೆ ಬಂದಿಳಿದರು. ಮದುವೆ ಇಲ್ಲ, ಸ್ವಂತ ಆಸ್ತಿ ಇಲ್ಲ, ಗಂಡು ಹೆಣ್ಣು ಇಬ್ಬರಿಗೂ ಸಮಾನ ಅಧಿಕಾರ, ದುಡಿಮೆಯೇ ಪೂಜೆ. ಹ್ಯಾಂಕಾಕ್‌ನ ಸಮುದಾಯ 1790ರ ಹೊತ್ತಿಗೆ ವ್ಯವಸ್ಥಿತವಾಯಿತು. 1830ರ ದಶಕದಲ್ಲಿ ಅಲ್ಲಿ ಸುಮಾರು 300 ಜನ, ಸುಮಾರು 3,000 ಎಕರೆ ಜಮೀನು. ತಮ್ಮ ಊರಿಗೆ ಅವರು ಇಟ್ಟುಕೊಂಡ ಹೆಸರು ಶಾಂತಿಯ ನಗರ. 'ಕುಟುಂಬ'ಗಳು ಅಂತ ಗುಂಪುಗಳಿದ್ದವು, ರಕ್ತಸಂಬಂಧದವಲ್ಲ, ಒಟ್ಟಿಗೆ ದುಡಿದು ಒಟ್ಟಿಗೆ ಉಣ್ಣುವ ಗುಂಪುಗಳು. ಕೊಟ್ಟಿಗೆ ಕಟ್ಟಿದ್ದು ಅವುಗಳಲ್ಲಿ ಚರ್ಚ್ ಕುಟುಂಬ ಎಂಬ ಗುಂಪು. ಇದಾದ ನಾಲ್ಕು ವರ್ಷಕ್ಕೆ, 1830ರಲ್ಲಿ, ಅದೇ ಗುಂಪು ಸುಮಾರು 100 ಜನ ಇರಬಹುದಾದ ಇಟ್ಟಿಗೆಯ ದೊಡ್ಡ ವಾಸದ ಮನೆಯನ್ನೂ ಕಟ್ಟಿತು. ದನಕ್ಕೆ ಮೊದಲು, ಜನಕ್ಕೆ ಆಮೇಲೆ. ಈ ಕ್ರಮ ನನಗೆ ತುಂಬಾ ಇಷ್ಟವಾಯಿತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಸುತ್ತಮುತ್ತಲಿನ ಒಬ್ಬ ಸಾಮಾನ್ಯ ರೈತನ ಹತ್ತಿರ ಬೆರಳೆಣಿಕೆಯ ಹಸುಗಳಿದ್ದರೆ ಅವನಿಗೆ ಮರದ ಸಣ್ಣ ಕೊಟ್ಟಿಗೆ ಸಾಕು. ನೂರು ಜನ ಒಂದೇ ಊಟದ ಮನೆಯಲ್ಲಿ ಉಣ್ಣುವ ಕಡೆ ಹಾಲು, ಬೆಣ್ಣೆ, ಚೀಸ್ ಎಲ್ಲ ಅದೇ ಲೆಕ್ಕದಲ್ಲಿ ಬೇಕು. ಹಾಗಾಗಿ ದನಗಳ ಹಿಂಡು ದೊಡ್ಡದು, ಅದನ್ನು ನೋಡಿಕೊಳ್ಳುವ ಕೆಲಸವೂ ದೊಡ್ಡದು. ಮದುವೆ ಇಲ್ಲ ಅಂದ ಮೇಲೆ ಹುಟ್ಟಿ ಬೆಳೆದು ಕೆಲಸಕ್ಕೆ ಬರುವ ಮಕ್ಕಳೂ ಇಲ್ಲ. ಹೊರಗಿನಿಂದ ಪಂಥಕ್ಕೆ ಸೇರಿದವರಿಂದಲೇ ಎಲ್ಲ ನಡೆಯಬೇಕು. ಕೆಲಸ ಕಡಿಮೆ ಮಾಡುವ ಉಪಾಯಗಳಿಗೆ ಇವರು ಯಾವಾಗಲೂ ಯಾಕೆ ಹುಡುಕುತ್ತಿದ್ದರು ಅನ್ನುವುದಕ್ಕೆ ಭಕ್ತಿಯಷ್ಟೇ ಇದೂ ಕಾರಣ.

ಚಳಿಗಾಲದ ಲೆಕ್ಕ

ಬರ್ಕ್‌ಶೈರ್ ಬೆಟ್ಟಗಳ ಈ ಪ್ರದೇಶದಲ್ಲಿ ನವೆಂಬರ್‌ನಿಂದ ಏಪ್ರಿಲ್ ಕೊನೆಯ ತನಕ ಮೇಯಲು ಹಸಿರು ಹುಲ್ಲು ಇರುವುದಿಲ್ಲ. ಹೆಚ್ಚುಕಡಿಮೆ ಆರು ತಿಂಗಳು. ದನ ಒಳಗೇ ಇರಬೇಕು, ಬೇಸಿಗೆಯಲ್ಲಿ ಕೊಯ್ದು ಒಣಗಿಸಿದ ಹುಲ್ಲನ್ನೇ ತಿನ್ನಬೇಕು.

ಸುಮ್ನೆ ಒಂದು ಒರಟು ಲೆಕ್ಕ ಹಾಕೋಣ. ಒಂದು ಹಸು ದಿನಕ್ಕೆ 10 ಕೆಜಿ ಒಣಹುಲ್ಲು ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. 50 ಹಸು, 180 ದಿನ. ಒಟ್ಟು 90 ಟನ್ ಆಯಿತು. ಆಗ ಹುಲ್ಲನ್ನು ಯಂತ್ರದಲ್ಲಿ ಒತ್ತಿ ಕಟ್ಟುವ ಪದ್ಧತಿ ಇರಲಿಲ್ಲ, ಬಿಡಿಬಿಡಿಯಾಗಿಯೇ ತುಂಬಬೇಕು. ಬಿಡಿ ಹುಲ್ಲು ಒಂದು ಘನ ಮೀಟರ್ ಜಾಗದಲ್ಲಿ ಸುಮಾರು 70 ಕೆಜಿ ಹಿಡಿಯುತ್ತದೆ ಅಂತ ತೆಗೆದುಕೊಂಡರೆ 1,300 ಘನ ಮೀಟರ್ ಹತ್ತಿರದ ಜಾಗ ಬೇಕು. ಅಂದರೆ ಈ ಕಟ್ಟಡದಲ್ಲಿ ಜಾಸ್ತಿ ಜಾಗ ತಿನ್ನುವುದು ಹಸುಗಳಲ್ಲ, ಹುಲ್ಲು. ಇನ್ನು ಸಗಣಿ. ದಿನಕ್ಕೆ ಒಂದು ಹಸುವಿಗೆ 20 ಕೆಜಿ ಅಂದರೂ ಆರು ತಿಂಗಳಿಗೆ 180 ಟನ್.

ಎರಡನ್ನೂ ಕೂಡಿಸಿ. 270 ಟನ್ ಸಾಮಾನನ್ನು ಮನುಷ್ಯರ ತೋಳಿನ ಬಲದಿಂದ, ಕವೆಗೋಲು ಮತ್ತು ಸಲಿಕೆ ಹಿಡಿದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬೇಕು. ಅದೂ ಹೆಪ್ಪುಗಟ್ಟುವ ಚಳಿಯಲ್ಲಿ, ದಿನಾ, ಹಬ್ಬ ಹರಿದಿನ ಅನ್ನದೆ. ಈ ಕೊಟ್ಟಿಗೆ ಬಗೆಹರಿಸಬೇಕಿದ್ದ ಸಮಸ್ಯೆ ಇದು. ಮಾಡು, ಗೋಡೆ, ಕಿಟಕಿ ಎಲ್ಲವನ್ನೂ ಈ 270 ಟನ್ನಿನ ಎದುರು ಇಟ್ಟು ನೋಡಿದಾಗಲೇ ಅವು ಹಾಗೆ ಯಾಕಿವೆ ಅನ್ನುವುದು ಬಿಡಿಸಿಕೊಳ್ಳುತ್ತದೆ.

ಹುಲ್ಲಿನ ಜೊತೆ ಒಳಗೆ ಹೋಗೋಣ

ಕೊಟ್ಟಿಗೆಯನ್ನು ಇಳಿಜಾರು ನೆಲದಲ್ಲಿ ಕೂರಿಸಿದ್ದಾರೆ. ಎತ್ತರದ ಕಡೆಯಿಂದ ಮಣ್ಣಿನ ಏರಿ ಒಂದು ಮೇಲಿನ ಹಂತದ ಬಾಗಿಲಿಗೆ ನೇರವಾಗಿ ಬಂದು ಸೇರುತ್ತದೆ. ಹೊಲದಿಂದ ಹುಲ್ಲು ಹೇರಿಕೊಂಡು ಬಂದ ಗಾಡಿ ಈ ಏರಿ ಹತ್ತಿ ಸೀದಾ ಮೇಲಿನ ಅಟ್ಟದ ಒಳಗೆ ಬರುತ್ತದೆ. ಒಳಗೆ ಗೋಡೆಯ ಉದ್ದಕ್ಕೂ ಸುತ್ತುವ ಹಲಗೆಯ ದಾರಿ ಇದೆ. ಗಾಡಿ ಆ ದಾರಿಯಲ್ಲಿ ಮುಂದಕ್ಕೆ ಹೋಗಿ ಎಲ್ಲಾದರೂ ಒಂದು ಕಡೆ ನಿಲ್ಲುತ್ತದೆ. ಗಾಡಿಯ ಮೇಲೆ ನಿಂತವನು ಕವೆಗೋಲಿನಲ್ಲಿ ಹುಲ್ಲನ್ನು ನಡುವಿನ ದೊಡ್ಡ ಕುಳಿಗೆ ತಳ್ಳುತ್ತಾನೆ. ಮೇಲಕ್ಕೆ ಎತ್ತುವ ಪ್ರಶ್ನೆಯೇ ಇಲ್ಲ. ಎಂಟು ಹತ್ತು ಗಾಡಿಗಳು ಒಂದರ ಹಿಂದೆ ಒಂದು ನಿಂತು ಒಂದೇ ಹೊತ್ತಿಗೆ ಖಾಲಿ ಮಾಡಬಹುದಿತ್ತು ಅಂತ ಆ ಕಾಲದವರೇ ಬರೆದಿದ್ದಾರೆ. ಖಾಲಿಯಾದ ಗಾಡಿ ಹಾಗೆಯೇ ಸುತ್ತು ಮುಗಿಸಿ ಬಂದ ಬಾಗಿಲಿನಿಂದಲೇ ಹೊರಗೆ ಹೋಗುತ್ತದೆ. ಹಿಂದಕ್ಕೆ ತೆಗೆಯುವ ಗೋಜಿಲ್ಲ. ಎತ್ತು ಕಟ್ಟಿದ ಗಾಡಿಯನ್ನು ಇಕ್ಕಟ್ಟಿನಲ್ಲಿ ಹಿಂದಕ್ಕೆ ತೆಗೆಸಿ ನೋಡಿದವರಿಗೆ ಗೊತ್ತು, ಅದು ಎಷ್ಟು ಹೊತ್ತು ತಿನ್ನುವ ಕೆಲಸ ಅಂತ.

ಇದು ಹೊರಗಿನಿಂದ ಕಾಣುವುದಕ್ಕಿಂತ ಮುಖ್ಯ. ಮಳೆ ಬರುವ ಮೊದಲು ಹುಲ್ಲು ಒಳಗೆ ಬರಬೇಕು. ಹುಲ್ಲು ಕೊಯ್ಲಿನ ದಿನಗಳಲ್ಲಿ ಹೊಲದಿಂದ ಸಾಲಾಗಿ ಗಾಡಿಗಳು ಬರುತ್ತವೆ, ಒಂದು ಗಾಡಿ ಬಾಗಿಲಲ್ಲಿ ಸಿಕ್ಕಿಕೊಂಡರೆ ಹಿಂದಿನದೆಲ್ಲ ಬಿಸಿಲು ಮುಗಿಯುವ ತನಕ ಕಾಯಬೇಕು. ಸುತ್ತುದಾರಿ ಆ ಕಾಯುವಿಕೆಯನ್ನೇ ತೆಗೆದುಹಾಕಿತು.

ಅದರ ಕೆಳಗಿನ ಹಂತದಲ್ಲಿ ಹಸುಗಳು. ಗೋಡೆಗೆ ಬಾಲ, ನಡುವಿನ ಹುಲ್ಲಿಗೆ ಮುಖ, ಹೀಗೆ ಸುತ್ತಲೂ ನಿಂತಿರುತ್ತವೆ. ಅವುಗಳ ಗೋದಲಿ ಒಳಗಡೆಗೆ. ಮೇಲಿನಿಂದ ತಳ್ಳಿದ ಹುಲ್ಲು ನಡುವಿನ ಕುಳಿಯಲ್ಲಿ ತಳದಿಂದ ಅಟ್ಟದವರೆಗೂ ತುಂಬಿಕೊಂಡು ಗೋದಲಿಯ ಪಕ್ಕಕ್ಕೇ ಬಂದು ನಿಂತಿದೆ. ಒಬ್ಬ ಮನುಷ್ಯ ಸಾಕು. ನಡುವೆ ನಿಂತು ಸುತ್ತಲೂ ಹುಲ್ಲು ಹಾಕುತ್ತಾ ಹೋದರೆ ಆಯಿತು, ಇಡೀ ಹಿಂಡಿಗೆ ಮೇವು ಮುಟ್ಟುತ್ತದೆ.

ಹಸುಗಳ ಹಿಂದೆ ನೆಲದಲ್ಲಿ ಮುಚ್ಚಳದ ಕಿಂಡಿಗಳು. ಸಗಣಿಯನ್ನು ಅಲ್ಲಿಂದ ಕೆಳಕ್ಕೆ ತಳ್ಳಿದರೆ ನೆಲಮಾಳಿಗೆಯಲ್ಲಿ ಬೀಳುತ್ತದೆ. ಇಳಿಜಾರಿನ ತಗ್ಗಿನ ಕಡೆಯಿಂದ ಆ ಮಾಳಿಗೆಗೆ ಗಾಡಿ ಬರಬಹುದು. ವಸಂತದಲ್ಲಿ ಹೊಲಕ್ಕೆ ಹಾಕುವ ಕಾಲ ಬಂದಾಗ ಗೊಬ್ಬರವನ್ನು ಅಲ್ಲಿಂದಲೇ ತುಂಬಿಕೊಂಡು ಹೋಗುತ್ತಾರೆ. ಮಳೆ ಹಿಮಕ್ಕೆ ಸಿಕ್ಕಿ ಅದರ ಸತ್ವ ತೊಳೆದುಹೋಗಿಲ್ಲ, ಗಂಜಲವೂ ಅದರಲ್ಲೇ ಸೇರಿದೆ. ಹೊಲದ ಹುಲ್ಲು ಮೇಲಿನ ಬಾಗಿಲಿನಿಂದ ಒಳಗೆ ಬಂದು, ಮೂರು ಹಂತ ಇಳಿದು, ಗೊಬ್ಬರವಾಗಿ ಕೆಳಗಿನ ಬಾಗಿಲಿನಿಂದ ಅದೇ ಹೊಲಕ್ಕೆ ವಾಪಸ್ ಹೋಯಿತು. ಮಧ್ಯೆ ಹಾಲು ಸಿಕ್ಕಿತು.

ಈಗ ಹೇಳಿ, ಈ ಪೂರ್ತಿ ಸಾಗಾಟದಲ್ಲಿ ಮೇಲಕ್ಕೆ ಎತ್ತುವ ಶ್ರಮ ಎಲ್ಲಿ ಬಿತ್ತು? ಏರಿಯ ಮೇಲೆ ಗಾಡಿ ಎಳೆದ ಪ್ರಾಣಿಗಳ ಹೆಗಲ ಮೇಲೆ, ಬೇಸಿಗೆಯಲ್ಲಿ. ಚಳಿಗಾಲಕ್ಕೆ ಉಳಿದದ್ದು ಬರೀ ಇಳಿಸುವ ಕೆಲಸ.

ದುಂಡಿನಿಂದ ಏನು ಲಾಭ, ಏನು ನಷ್ಟ

ಮೂಲೆಗಳಿದ್ದರೆ ದೆವ್ವ ಅಡಗಿಕೊಳ್ಳುತ್ತದೆ, ಅದಕ್ಕೇ ದುಂಡಗೆ ಕಟ್ಟಿದರು ಅಂತ ಒಂದು ಕಥೆ ಅಮೆರಿಕದಲ್ಲಿ ಚಾಲ್ತಿಯಲ್ಲಿದೆ. ಕೇಳಲು ಚೆನ್ನಾಗಿದೆ, ನಾನು ನಂಬುವುದಿಲ್ಲ. ಶೇಕರ್‌ಗಳ ಮನೆ, ಕಾರ್ಯಾಗಾರ, ಪ್ರಾರ್ಥನಾ ಮಂದಿರ ಎಲ್ಲಕ್ಕೂ ಮೂಲೆಗಳಿವೆ. ಅವರು ಕಟ್ಟಿದ ದುಂಡು ಕೊಟ್ಟಿಗೆ ಇದೊಂದೇ. ದೆವ್ವದ ಭಯ ಇದ್ದಿದ್ದರೆ ಒಂದು ಕೊಟ್ಟಿಗೆಗೆ ಮುಗಿಯುತ್ತಿತ್ತಾ?

ಲಾಭದ ಲೆಕ್ಕ ಸರಳ. 270 ಅಡಿ ಗೋಡೆಯನ್ನು ಚೌಕವಾಗಿ ಕಟ್ಟಿದರೆ ಒಂದೊಂದು ಬದಿ 67.5 ಅಡಿ, ಒಳಗೆ ಸಿಗುವ ಜಾಗ ಸುಮಾರು 4,550 ಚದರ ಅಡಿ. ಅಷ್ಟೇ ಉದ್ದದ ಗೋಡೆಯನ್ನು ದುಂಡಗೆ ಸುತ್ತಿಸಿದರೆ ಸುಮಾರು 5,800 ಚದರ ಅಡಿ. ಗೋಡೆಯ ದಪ್ಪ ಕಳೆಯದೆ ಹಾಕಿದ ಲೆಕ್ಕ ಇದು. ಶೇಕಡಾ 27ರಷ್ಟು ಹೆಚ್ಚು ಜಾಗ, ಅದೇ ಕಲ್ಲಿಗೆ, ಅದೇ ಸುಣ್ಣಕ್ಕೆ. ಉದ್ದನೆಯ ಆಯತದ ಜೊತೆ ಹೋಲಿಸಿದರೆ ವ್ಯತ್ಯಾಸ ಇನ್ನೂ ಜಾಸ್ತಿ. ಇನ್ನೊಂದು ಸಣ್ಣ ವಿಷಯ, ಆದರೆ ನನಗೆ ಬಹಳ ಹಿಡಿಸಿದ್ದು: ವೃತ್ತದಲ್ಲಿ ಹಸುಗಳನ್ನು ಒಳಮುಖವಾಗಿ ನಿಲ್ಲಿಸಿದಾಗ ಒಂದೊಂದರ ಜಾಗವೂ ತಲೆಯ ಕಡೆ ಕಿರಿದಾಗಿ, ಹಿಂಭಾಗದ ಕಡೆ ಅಗಲವಾಗಿ ಬರುತ್ತದೆ. ಹಸುವಿನ ಮೈಯೂ ಹಾಗೆಯೇ ಇದೆಯಲ್ವಾ! ಹಾಲು ಕರೆಯುವವನಿಗೆ ಬೇಕಾದ ಕಡೆಯಲ್ಲೇ ಜಾಗ ಸಿಕ್ಕಿತು.

ನಷ್ಟ ಏನು? ಬಡಗಿಗೆ ತಲೆನೋವು. ಮರ ನೇರವಾಗಿ ಬೆಳೆಯುತ್ತದೆ, ನೇರವಾಗಿ ಸೀಳುತ್ತದೆ. ಅದನ್ನು ವೃತ್ತಕ್ಕೆ ಹೊಂದಿಸಬೇಕಾದರೆ ಪ್ರತಿ ಹಲಗೆಯನ್ನೂ ಓರೆಯಾಗಿ ಕತ್ತರಿಸಬೇಕು, ತುಂಡುಗಳು ವ್ಯರ್ಥವಾಗುತ್ತವೆ. ಆಮೇಲೆ, ದುಂಡು ಕಟ್ಟಡ ಬೆಳೆಯುವುದಿಲ್ಲ. ಆಯತದ ಕೊಟ್ಟಿಗೆಗೆ ಹಸು ಜಾಸ್ತಿಯಾದರೆ ತುದಿಯಲ್ಲಿ ನಾಲ್ಕು ಅಂಕಣ ಸೇರಿಸಬಹುದು. ಇದಕ್ಕೆ ಎಲ್ಲಿ ಸೇರಿಸುತ್ತೀರಿ? ಕಟ್ಟಿದ ದಿನವೇ ಎಷ್ಟು ದನ ಅನ್ನುವುದು ನಿಗದಿಯಾಗಿಹೋಯಿತು.

ಗೋಡೆ

ಗೋಡೆಯ ದಪ್ಪ ಬುಡದಲ್ಲಿ ಸುಮಾರು ಮೂರೂವರೆ ಅಡಿ, ಮೇಲೆ ಹೋಗುತ್ತಾ ಎರಡೂವರೆ ಅಡಿ. ಒಳ ಮತ್ತು ಹೊರ ಮುಖಗಳಿಗೆ ಸುಣ್ಣದ ಗಾರೆ ಹಾಕಿ ಕಲ್ಲು ಕೂರಿಸಿದ್ದಾರೆ. ಚಪ್ಪಟೆಯಾಗಿ ಕೆತ್ತಿದ ಅರಮನೆಯ ಕಲ್ಲಲ್ಲ, ಸಿಕ್ಕಿದ ಕಲ್ಲನ್ನು ಹೊಂದಿಸಿ ಇಟ್ಟ ಗೋಡೆ. ಅದಕ್ಕೇ ಹತ್ತಿರ ಹೋದರೆ ಮೇಲ್ಮೈ ಒರಟು, ದೂರ ನಿಂತರೆ ನುಣುಪಾದ ಒಂದೇ ಬಾಗು.

ಇಂಥ ಗೋಡೆ ಮೇಲಿನಿಂದ ಬರುವ ಭಾರಕ್ಕೆ ಗಟ್ಟಿ. ಒಳಗಿನಿಂದ ಹೊರಕ್ಕೆ ತಳ್ಳಿದರೆ ಮಾತ್ರ ಕಷ್ಟ. ಮೊದಲ ಕಟ್ಟಡಕ್ಕೆ ಶಂಕುವಿನ ಆಕಾರದ ಮಾಡು ಇತ್ತು, ಸುತ್ತಲಿನ ಗೋಡೆಯಿಂದ ನಡುವಿನ ತುದಿಗೆ ಏರುವ ತೊಲೆಗಳು. ಶಂಕುವಿನ ಮಾಡಿನ ಸ್ವಭಾವವೇ ಬುಡದಲ್ಲಿ ಅಗಲವಾಗಲು ನೋಡುವುದು. ಹಿಮ ಬಿದ್ದು ಭಾರ ಹೆಚ್ಚಿದಾಗ ಅದು ಗೋಡೆಯ ತಲೆಯನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಗೋಡೆ ಆಗ ಒಂದು ಬಳೆಯಂತೆ ಎಳೆತ ತಡೆಯಬೇಕು, ಕಲ್ಲು ಸುಣ್ಣಕ್ಕೆ ಎಳೆತ ತಡೆಯುವ ಶಕ್ತಿ ತೀರಾ ಕಡಿಮೆ. ಹೀಗೆ ತಳ್ಳಿಸಿಕೊಂಡ ದುಂಡು ಗೋಡೆಗಳಲ್ಲಿ ಮೇಲಿನಿಂದ ಕೆಳಗೆ ಉದ್ದುದ್ದ ಬಿರುಕು ಬರುವುದು ಇದರಿಂದಲೇ. ಕಲ್ಲನ್ನು ಇಷ್ಟು ದಪ್ಪ ಕಟ್ಟಿದ್ದು ಭದ್ರತೆಗೆ ಹೌದು. ಆದರೂ ಗೋಡೆಯ ಮೇಲೆ ನೇರವಾಗಿ ಮಾಡು ಕೂರಿಸುವುದು ದುಂಡು ಕಟ್ಟಡದಲ್ಲಿ ಸುಲಭದ ವಿಷಯವಲ್ಲ.

ಬೆಂಕಿ, ಮತ್ತು ಎರಡನೇ ಸಲ ಕಟ್ಟಿದ್ದು

1864ರ ಡಿಸೆಂಬರ್ 1ರಂದು ಕೊಟ್ಟಿಗೆಗೆ ಬೆಂಕಿ ಬಿತ್ತು. ಒಳಗಿನ ಮರವೆಲ್ಲ ಸುಟ್ಟುಹೋಯಿತು. ಡಿಸೆಂಬರ್ ಅಂದರೆ ಹುಲ್ಲು ಪೂರ್ತಿ ತುಂಬಿರುವ ಕಾಲ, ಚಳಿಗಾಲ ಈಗಷ್ಟೇ ಶುರು. ಒಂದು ಸಮುದಾಯಕ್ಕೆ ಇದಕ್ಕಿಂತ ಕೆಟ್ಟ ಹೊತ್ತಿನಲ್ಲಿ ಕೊಟ್ಟಿಗೆ ಹೋಗಲು ಸಾಧ್ಯವಿಲ್ಲ. ಕಲ್ಲಿನ ಗೋಡೆ ಮಾತ್ರ ನಿಂತಿತ್ತು.

ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಅಂತರ್ಯುದ್ಧದ ಕಾಲ, ಪಂಥಕ್ಕೆ ಹೊಸದಾಗಿ ಸೇರುವವರು ಕಡಿಮೆಯಾಗುತ್ತಿದ್ದರು, ಗಂಡಸರಂತೂ ಇನ್ನೂ ಕಡಿಮೆ. ಆದರೂ ಅದೇ ಗೋಡೆಯ ಒಳಗೆ ಮತ್ತೆ ಕಟ್ಟಿದರು. ಈ ಸಲ ಶಂಕುವಿನ ಮಾಡು ಬಿಟ್ಟರು. ಗೋಡೆಯ ಮೇಲೆ ಸುತ್ತಲೂ ಹೆಚ್ಚುಕಡಿಮೆ ಚಪ್ಪಟೆಯಾದ ಮಾಡು, ಮುಂದಿನ ದಶಕಗಳಲ್ಲಿ ಅದರ ಮಧ್ಯೆ 12 ಮುಖದ, ಕಿಟಕಿಗಳಿರುವ ಮರದ ಅಂತಸ್ತು, ಅದರ ಮೇಲೆ 8 ಮುಖದ ಗೋಪುರ. ಇವತ್ತು ನಾವು ಗುರುತಿಸುವ ರೂಪ ಇದು. 1826ರ ಕೊಟ್ಟಿಗೆಯ ರೂಪ ಬೇರೆಯೇ ಇತ್ತು ಅನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ.

ಈ ಬದಲಾವಣೆಯಿಂದ ಮೂರು ಕೆಲಸ ಒಟ್ಟಿಗೆ ಆಯಿತು. ನಡುವಿನ ಮಾಡಿನ ಭಾರ ಒಳಗಿನ ಮರದ ಕಂಬಗಳ ಮೇಲೆ ನೇರವಾಗಿ ಇಳಿಯಿತು, ಗೋಡೆಯ ಮೇಲಿನ ತಳ್ಳುವಿಕೆ ತಗ್ಗಿತು. ಸುತ್ತಲಿನ ಕಿಟಕಿಗಳಿಂದ ನಡುವಿನ ಕತ್ತಲೆಗೆ ಬೆಳಕು ಬಂತು. ದುಂಡು ಕಟ್ಟಡದಲ್ಲಿ ಹೊರಗೋಡೆಯ ಕಿಟಕಿ ನಡುವಿಗೆ ಎಂದೂ ಸಾಕಾಗುವುದಿಲ್ಲ. ಮೂರನೆಯದು ಗಾಳಿ. ಇದರ ಬಗ್ಗೆ ಸ್ವಲ್ಪ ಹೇಳಲೇಬೇಕು.

ಒಣಹುಲ್ಲು ಸರಿಯಾಗಿ ಒಣಗದೆ ರಾಶಿ ಬಿದ್ದರೆ ಒಳಗೇ ಬಿಸಿಯಾಗುತ್ತದೆ. ತೇವಾಂಶ ಶೇಕಡಾ 20ಕ್ಕಿಂತ ಮೇಲಿದ್ದರೆ ಸೂಕ್ಷ್ಮಜೀವಿಗಳು ಕೆಲಸ ಶುರು ಮಾಡುತ್ತವೆ, ಅವು ಉಸಿರಾಡಿದ ಹಾಗೆಲ್ಲ ಬಿಸಿ ಏರುತ್ತದೆ. ರಾಶಿ ದೊಡ್ಡದಾದಷ್ಟೂ ಆ ಬಿಸಿ ಹೊರಗೆ ಹೋಗಲು ದಾರಿ ಇಲ್ಲ. 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ರಾಸಾಯನಿಕ ಕ್ರಿಯೆಗಳೇ ಬಿಸಿಯನ್ನು ಮುಂದಕ್ಕೆ ಒಯ್ಯುತ್ತವೆ, ಕೊನೆಗೆ ಕಿಡಿಯೇ ಇಲ್ಲದೆ ಹೊತ್ತಿಕೊಳ್ಳುತ್ತದೆ. ಕೊಟ್ಟಿಗೆಗಳ ಮಟ್ಟಿಗೆ ಇದು ಹಳೆಯ ಶತ್ರು. ಈಗ ಯೋಚಿಸಿ. ಈ ಕೊಟ್ಟಿಗೆಯ ನಡುವೆ ಒಂದೇ ರಾಶಿಯಲ್ಲಿ 90 ಟನ್ ಹುಲ್ಲು. ಹಂಚಿಟ್ಟಿದ್ದರೆ ಅಪಾಯ ಕಡಿಮೆ ಇರುತ್ತಿತ್ತು, ಒಂದೇ ಕಡೆ ಇಟ್ಟರೆ ಮೇವು ಹಾಕುವುದು ಸುಲಭ. ಸುಲಭವನ್ನೇ ಆರಿಸಿಕೊಂಡರು, ಅಪಾಯಕ್ಕೆ ಬೇರೆ ಉಪಾಯ ಮಾಡಿದರು. ರಾಶಿಯ ನಟ್ಟನಡುವೆ ಪಟ್ಟಿಗಳ ನಡುವೆ ಸಂದು ಬಿಟ್ಟು ಕಟ್ಟಿದ ಒಂದು ಮರದ ಗಾಳಿಗೂಡು ನೆಲದಿಂದ ಮೇಲಕ್ಕೆ ನಿಂತಿದೆ. ಹುಲ್ಲಿನ ಬಿಸಿ, ತೇವ ಎಲ್ಲ ಅದರೊಳಗೆ ಸೇರಿ ಮೇಲೇರಿ ನೆತ್ತಿಯ ಗೋಪುರದಿಂದ ಹೊರಗೆ ಹೋಗುತ್ತದೆ. ನೋಡಲು ಅಲಂಕಾರದ ಹಾಗಿರುವ ಆ ಪುಟ್ಟ ಗೋಪುರ ನಿಜವಾಗಿ ಹೊಗೆಗೂಡಿನ ಕೆಲಸ ಮಾಡುತ್ತಿತ್ತು.

ಈ ಕಟ್ಟಡದಲ್ಲಿ ಘನವಾದದ್ದೆಲ್ಲ ಕೆಳಗಿಳಿಯುತ್ತದೆ, ಬಿಸಿಗಾಳಿ ಮಾತ್ರ ಮೇಲೇರುತ್ತದೆ. ಎರಡಕ್ಕೂ ಯಾರೂ ತಳ್ಳಬೇಕಾಗಿಲ್ಲ.

ಬೇರೆಯವರು ಇದನ್ನು ಕಟ್ಟಿದರೇ?

ಇದಕ್ಕೂ ಮೊದಲೇ ಒಂದು ದುಂಡನೆಯ ಪ್ರಯತ್ನ ಆಗಿತ್ತು. 1790ರ ದಶಕದಲ್ಲಿ ಜಾರ್ಜ್ ವಾಷಿಂಗ್ಟನ್ ವರ್ಜೀನಿಯಾದ ತನ್ನ ಡೋಗ್ ರನ್ ಜಮೀನಿನಲ್ಲಿ 16 ಮುಖದ ಒಕ್ಕಣೆ ಮನೆ ಕಟ್ಟಿಸಿದ. ಕಟ್ಟಿದ್ದು ಅವನ ಗುಲಾಮರಾಗಿದ್ದ ಬಡಗಿಗಳು. ಅಲ್ಲೂ ಏರಿ ಹತ್ತಿ ಕುದುರೆಗಳು ಮೇಲಿನ ಹಂತಕ್ಕೆ ಬರುತ್ತಿದ್ದವು, ನಮ್ಮ ಕಣದಲ್ಲಿ ಹಂತಿ ಕಟ್ಟಿ ತುಳಿಸಿದ ಹಾಗೆ ಗೋಧಿಯ ಮೇಲೆ ಸುತ್ತುತ್ತಿದ್ದವು. ನೆಲದ ಹಲಗೆಗಳ ನಡುವೆ ಬೇಕೆಂದೇ ಸಂದು ಬಿಟ್ಟಿದ್ದರು. ಉದುರಿದ ಕಾಳು ಆ ಸಂದಿನಿಂದ ಕೆಳಗಿನ ಹಂತಕ್ಕೆ ಬೀಳುತ್ತಿತ್ತು, ಹುಲ್ಲು ಮೇಲೆ ಉಳಿಯುತ್ತಿತ್ತು. ಮತ್ತೆ ನೋಡಿ, ದುಂಡು ಇದ್ದದ್ದು ಕುದುರೆ ಸುತ್ತಲು. ಕಾಳನ್ನು ಹುಲ್ಲಿನಿಂದ ಬೇರೆ ಮಾಡಿದ್ದು ಎರಡು ಹಂತದ ನಡುವಿನ ಎತ್ತರ.

ಹ್ಯಾಂಕಾಕ್ ಕೊಟ್ಟಿಗೆಯ ಸುದ್ದಿ ಕೃಷಿ ಪತ್ರಿಕೆಗಳಲ್ಲಿ ಹರಡಿತು, ದೂರದಿಂದ ಜನ ಬಂದು ನೋಡಿಹೋದರು. ಆದರೆ ಕಟ್ಟಿದವರು ವಿರಳ. ಅರ್ಧ ಶತಮಾನ ಕಳೆದ ಮೇಲೆ, ಸುಮಾರು 1880ರಿಂದ 1920ರ ತನಕ, ಅಮೆರಿಕದ ನಡುರಾಜ್ಯಗಳಲ್ಲಿ ದುಂಡು ಕೊಟ್ಟಿಗೆಗಳ ಒಂದು ಅಲೆಯೇ ಎದ್ದಿತು. ವಿಸ್ಕಾನ್ಸಿನ್‌ನ ಕೃಷಿ ವಿಜ್ಞಾನಿ ಎಫ್. ಎಚ್. ಕಿಂಗ್ 1889ರಲ್ಲಿ ತನ್ನ ಸಹೋದರನಿಗಾಗಿ ನಡುವೆ ಸೈಲೋ, ಅಂದರೆ ಮೇವು ತುಂಬಿಡುವ ಎತ್ತರದ ಕಣಜ, ಇರುವ ದುಂಡು ಕೊಟ್ಟಿಗೆಯ ನಕ್ಷೆ ಮಾಡಿದ. ಇಲಿನಾಯ್ ವಿಶ್ವವಿದ್ಯಾಲಯ 1907ರಿಂದ 1913ರ ನಡುವೆ ಅರ್ಬಾನಾದಲ್ಲಿ ಮೂರು ದುಂಡು ಕೊಟ್ಟಿಗೆ ಕಟ್ಟಿ ರೈತರಿಗೆ ತೋರಿಸಿತು. ಇವು ಹೆಚ್ಚಾಗಿ ಮರದವು, ತೆಳು ಹಲಗೆಯವು. ಆಮೇಲೆ ವಿದ್ಯುತ್ ಬಂತು, ಹುಲ್ಲು ಒತ್ತಿ ಕಟ್ಟುವ ಯಂತ್ರ ಬಂತು, ಸಗಣಿ ಎಳೆಯುವ ಸರಪಳಿ ಬಂತು. ಯಂತ್ರಗಳಿಗೆ ನೇರ ದಾರಿ ಬೇಕು. ದುಂಡು ಕೊಟ್ಟಿಗೆಗಳ ಕಾಲ ಮುಗಿಯಿತು.

ಇದೆಲ್ಲ ದೂರದ ಮಾತಾಯಿತು. ನನ್ನ ವಾದಕ್ಕೆ ಬಲವಾದ ಸಾಕ್ಷಿ ಇರುವುದು ಹ್ಯಾಂಕಾಕ್‌ನಿಂದ ಕೆಲವೇ ಮೈಲಿ ದೂರದಲ್ಲಿ, ಬೆಟ್ಟದ ಆ ಬದಿಗೆ, ನ್ಯೂಯಾರ್ಕ್ ರಾಜ್ಯದ ಮೌಂಟ್ ಲೆಬನಾನ್‌ನಲ್ಲಿ. ಅದು ಶೇಕರ್‌ಗಳ ಮುಖ್ಯ ನೆಲೆ. ಅಲ್ಲಿನ ನಾರ್ತ್ ಕುಟುಂಬ 1859ರಲ್ಲಿ ತನ್ನದೇ ಕಲ್ಲಿನ ಕೊಟ್ಟಿಗೆ ಕಟ್ಟಿತು. ಹ್ಯಾಂಕಾಕ್‌ನ ಕೊಟ್ಟಿಗೆ ಆಗ 33 ವರ್ಷದಿಂದ ಕೆಲಸ ಮಾಡುತ್ತಿತ್ತು, ಹೇಗಿದೆ ಎಂತಿದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಅವರು ಏನು ಕಟ್ಟಿದರು? ಸುಮಾರು 196 ಅಡಿ ಉದ್ದ, 50 ಅಡಿ ಅಗಲದ ಆಯತ. ವೃತ್ತವನ್ನು ಪೂರ್ತಿ ಬಿಟ್ಟುಬಿಟ್ಟರು. ಇಳಿಜಾರನ್ನು ಮಾತ್ರ ಬಿಡಲಿಲ್ಲ. ಕಟ್ಟಡವನ್ನು ಗುಡ್ಡದ ಓರೆಗೆ ಕೂರಿಸಿ, ಹುಲ್ಲಿನ ಗಾಡಿ ಮೇಲಿನ ಹಂತಕ್ಕೇ ಬರುವ ಹಾಗೆ ಮಾಡಿದರು. ಅಲ್ಲಿಂದ ಹುಲ್ಲು ಕೆಳಗೆ, ಅದರ ಕೆಳಗೆ ದನ, ಅದಕ್ಕೂ ಕೆಳಗೆ ಗೊಬ್ಬರ. ಹ್ಯಾಂಕಾಕ್‌ನಿಂದ ಅವರು ಉಳಿಸಿಕೊಂಡದ್ದು ಇದನ್ನು. ಕಟ್ಟಡವನ್ನು ಬಳಸಿ ಗೊತ್ತಿದ್ದವರು, ಅದೂ ಅದೇ ಪಂಥದವರು, ಎರಡರಲ್ಲಿ ಯಾವುದನ್ನು ಮುಂದಕ್ಕೆ ಒಯ್ದರು ಅನ್ನುವುದು ನಮ್ಮೆಲ್ಲರ ಮೆಚ್ಚುಗೆಗಿಂತ ದೊಡ್ಡ ತೀರ್ಪು ಅಂತ ನಾನು ತಿಳಿಯುತ್ತೇನೆ.

ಆ ಕೊಟ್ಟಿಗೆಗೂ 1972ರಲ್ಲಿ ಬೆಂಕಿ ಬಿತ್ತು. ಮಾಡು, ಅಟ್ಟ ಎಲ್ಲ ಹೋಗಿ ನಾಲ್ಕು ಗೋಡೆ ಉಳಿಯಿತು. ಆಗ ಮತ್ತೆ ಕಟ್ಟಲು ಅಲ್ಲಿ ಶೇಕರ್‌ಗಳು ಇರಲಿಲ್ಲ.

ಈಗ ಉಳಿದಿರುವುದು

ಹ್ಯಾಂಕಾಕ್‌ನ ಸಮುದಾಯವೂ ಕರಗುತ್ತಾ ಬಂತು. ಕೊನೆಗೆ ಕೆಲವೇ ವಯಸ್ಸಾದ ಸಹೋದರಿಯರು ಉಳಿದು, 1960ರಲ್ಲಿ ಊರು ಮಾರಾಟವಾಯಿತು. 1961ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಆ ಹೊತ್ತಿಗೆ ಕೊಟ್ಟಿಗೆಯ ಗೋಡೆ ಬಿರುಕು ಬಿಟ್ಟು ದುರ್ಬಲವಾಗಿತ್ತು. 1968ರಲ್ಲಿ ದೊಡ್ಡ ಪ್ರಮಾಣದ ದುರಸ್ತಿ ನಡೆಯಿತು. ಗೋಡೆಯ ಬಹುಭಾಗವನ್ನು ಬಿಚ್ಚಿ ಮತ್ತೆ ಕಟ್ಟಿದರು. ಅದೇ ವರ್ಷ ಇಡೀ ಊರಿಗೆ ರಾಷ್ಟ್ರೀಯ ಚಾರಿತ್ರಿಕ ಸ್ಮಾರಕದ ಮಾನ್ಯತೆ ಸಿಕ್ಕಿತು.

ಇಲ್ಲಿ ಒಂದು ತಕರಾರು ಏಳುತ್ತದೆ. ಮರವೆಲ್ಲ 1864ರ ನಂತರದ್ದು, ಮಾಡು ಇನ್ನೂ ಆಮೇಲಿನದು, ಗೋಡೆ ಬಹುಪಾಲು 1968ರಲ್ಲಿ ಮತ್ತೆ ಕಟ್ಟಿದ್ದು. ಹಾಗಿದ್ದರೆ 1826ರ ಕಟ್ಟಡ ಅಂತ ಫಲಕ ಹಾಕುವುದು ಸರಿಯೇ? ಸಂರಕ್ಷಣೆಯಲ್ಲಿ ಕಟ್ಟುನಿಟ್ಟಿನವರು ಒಪ್ಪಲಿಕ್ಕಿಲ್ಲ. ಬಿರುಕನ್ನು ಹಾಗೇ ಹಿಡಿದು ನಿಲ್ಲಿಸಬೇಕಿತ್ತು, ಬಿಚ್ಚಬಾರದಿತ್ತು ಅನ್ನುವುದಕ್ಕೂ ಅರ್ಥವಿದೆ. ಬಿಚ್ಚಿದ ಗೋಡೆಯಲ್ಲಿ ಮೊದಲ ಕುಟಿಗನ ಕೈಗುರುತು, ಗಾರೆಯ ಪದರ ಎಲ್ಲ ಕಳೆದುಹೋಗುತ್ತವೆ. ನನ್ನ ಅಭಿಪ್ರಾಯ ಬೇರೆ. ಈ ಕಟ್ಟಡದ ಬೆಲೆ ಅದರ ಕೆಲಸದ ಕ್ರಮದಲ್ಲಿದೆ, ಆ ಕ್ರಮವನ್ನು ನಿಂತು, ನಡೆದು, ಹತ್ತಿ ಇಳಿದು ನೋಡಲು ಸಾಧ್ಯವಾಗಬೇಕು. ಪಾಳು ಗೋಡೆಯಾಗಿ ಬಿಟ್ಟಿದ್ದರೆ ಹುಲ್ಲು ಎಲ್ಲಿಂದ ಬಂತು, ಎಲ್ಲಿಗೆ ಬಿತ್ತು ಅನ್ನುವುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಶೇಕರ್‌ಗಳೇ ಸುಟ್ಟುಹೋದ ಮಾಡನ್ನು ಇದ್ದ ಹಾಗೆ ಕಟ್ಟಲಿಲ್ಲ, ಉತ್ತಮಪಡಿಸಿ ಕಟ್ಟಿದರು. ಆದರೆ ಯಾವ ಭಾಗ ಯಾವ ಕಾಲದ್ದು ಅನ್ನುವುದನ್ನು ಬಂದವರಿಗೆ ಸ್ಪಷ್ಟವಾಗಿ ಹೇಳಲೇಬೇಕು. 1826 ಅನ್ನುವ ಒಂದೇ ಅಂಕಿ ಸಾಲದು.

ಆಲ್ಬನಿ, ಬಾಸ್ಟನ್ ಕಡೆ ಇರುವ ಕನ್ನಡದವರಿಗೆ ಒಂದು ಮಾತು. ಆಲ್ಬನಿಯಿಂದ ಇದು ಒಂದು ಗಂಟೆಯ ಹಾದಿಯಷ್ಟೂ ಇಲ್ಲ. ವಸಂತದಲ್ಲಿ ಹೋದರೆ ಈಗಲೂ ಇಲ್ಲಿ ಕರು, ಕುರಿಮರಿಗಳನ್ನು ಸಾಕುತ್ತಾರೆ, ಮಕ್ಕಳಿಗೆ ಅದೇ ಖುಷಿ. ಹೋದವರು ಸಾಮಾನ್ಯವಾಗಿ ಎದುರಿನ ಬಾಗಿಲಿನಿಂದ ಹಸುಗಳ ಹಂತಕ್ಕೆ ನುಗ್ಗಿ, ನಡುವಿನ ಕಂಬಗಳನ್ನು ತಲೆಯೆತ್ತಿ ನೋಡಿ, ಫೋಟೋ ತೆಗೆದು ಬಂದುಬಿಡುತ್ತಾರೆ. ಹಾಗೆ ಮಾಡಬೇಡಿ. ಮೊದಲು ಹೊರಗೆ ಒಂದು ಸುತ್ತು ಹಾಕಿ, ನೆಲ ಎಲ್ಲಿ ಏರಿದೆ ಎಲ್ಲಿ ಇಳಿದಿದೆ ನೋಡಿಕೊಳ್ಳಿ. ಗಾಡಿ ಬರುತ್ತಿದ್ದ ಏರಿ ಹುಡುಕಿ. ಗೊಬ್ಬರದ ಗಾಡಿ ಹೊರಡುತ್ತಿದ್ದ ತಗ್ಗಿನ ಬದಿಯನ್ನೂ ಹುಡುಕಿ. ಆಮೇಲೆ ಒಳಗೆ ಹೋಗಿ. ಸಮಯ ಇದ್ದರೆ ಅದೇ ದಿನ ಬೆಟ್ಟ ದಾಟಿ ಮೌಂಟ್ ಲೆಬನಾನ್‌ಗೂ ಹೋಗಿಬನ್ನಿ. ಅಲ್ಲಿನ ಗೋಡೆಗಳು ಬೀಳದ ಹಾಗೆ ಭದ್ರಪಡಿಸಿದ್ದಾರೆ. ಗುಡ್ಡದ ಮೇಲ್ಬದಿಯ ನೆಲಕ್ಕೂ ಕೆಳಬದಿಯ ನೆಲಕ್ಕೂ ಎಷ್ಟು ಅಂತಸ್ತಿನ ವ್ಯತ್ಯಾಸ ಇದೆ ಅನ್ನುವುದನ್ನು ಅಲ್ಲಿ ಹೊರಗೆ ನಿಂತೇ ಅಳೆಯಬಹುದು.